ಸಿಹಿ ನೀರಿಗೆ ಬಂದ ಸಮುದ್ರದ ಬೋಟು

ಯುಗಾದಿ ಹತ್ತಿರ ಬಂತು ಅಂದ್ರೆ ನನ್ನ ಫೋನಿಗೆ ಕಾಕಾನ ಮಿಸ್ಡ್ ಕಾಲ್ ಬರುತ್ತದೆ. ವಾಪಸ್ ಮಾಡಿದರೆ ಹೆಚ್ಚು ಮಾತಿಲ್ಲ. "ನೀರು ಇಳದೈತಿ ತಮ್ಮಾ. ಬೋಟು ಡಬ್ಬ ಹಾಕೂದೈತಿ, ಬಾ." ಅಷ್ಟೇ. ಫೋನ್ ಇಟ್ಟುಬಿಡ್ತಾನ.

ನಮ್ಮ ಕಾಕಾ ಇರೋದು ಕೊಲ್ಹಾರದ ಕಡೆ, ಆಲಮಟ್ಟಿ ಹಿನ್ನೀರಿನ ದಂಡೆಗೆ. ಮೊದಲು ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದ ಊರುಗಳು ಇವು. ನಮ್ಮ ಮನೆತನದವರು ಹಿಂದಿನಿಂದಲೂ ಕೃಷ್ಣೆಯಲ್ಲಿ ತೆಪ್ಪ ಹಾಕಿದವರು. ಆದರೆ ಕಾಕಾನ ಹತ್ತಿರ ಈಗಿರೋದು ತೆಪ್ಪ ಅಲ್ಲ. ಹದಿನಾರು ಅಡಿಯ ಹಳೇ ಫೈಬರ್ ಬೋಟು, ಹಿಂದೆ ಒಂದು ಸಣ್ಣ ಮೋಟರ್. ಕರಾವಳಿಯಲ್ಲಿ ಹತ್ತಾರು ವರ್ಷ ಉಪ್ಪು ನೀರಿನಲ್ಲಿ ದುಡಿದ ಬೋಟು ಅದು. ಎಂಟು ವರ್ಷದ ಹಿಂದೆ ಕಾಕಾ ಅದನ್ನು ಸೆಕೆಂಡ್ ಹ್ಯಾಂಡ್ ತಗೊಂಡು, ಲಾರಿಯಲ್ಲಿ ಹಾಕಿಕೊಂಡು ಘಟ್ಟ ಹತ್ತಿಸಿ ತಂದ. ಊರ ಮಂದಿ ನಕ್ಕರು. "ಸಮುದ್ರದ ಬೋಟು ತಂದು ನಮ್ಮ ಹೊಳ್ಯಾಗ ಏನ್ ಮಾಡಾಂವ?" ಅಂದರು.

ಆದರೆ ಹಿನ್ನೀರು ನೋಡಿದವರಿಗೆ ಅದು ನಗುವ ಮಾತಲ್ಲ. ಆಲಮಟ್ಟಿ ಜಲಾಶಯ ತುಂಬಿದಾಗ ನೀರಿನ ಮಟ್ಟ 519.60 ಮೀಟರ್, ಸಂಗ್ರಹ 123 ಟಿಎಂಸಿ. ವಿಜಯಪುರ–ಬಾಗಲಕೋಟೆ ರಸ್ತೆಯ ಕೊರ್ತಿ–ಕೊಲ್ಹಾರ ಸೇತುವೆ ಮೇಲೆ ಬಸ್ಸಿನಲ್ಲಿ ಹೋಗುವಾಗ ಎರಡೂ ಕಡೆ ಕಣ್ಣಿಗೆ ಬರೀ ನೀರೇ. ಮಧ್ಯಾಹ್ನ ಗಾಳಿ ಎದ್ದರೆ ತೆರೆಗಳೂ ಏಳುತ್ತವೆ. ಅಂಥ ಗಾಳಿಗೆ ಸಿಕ್ಕ ತೆಪ್ಪ ಬುಗುರಿ ಹಂಗ ತಿರುಗುತ್ತದೆ, ಮುಂದಕ್ಕೆ ಹೋಗೋದಿಲ್ಲ. ಮೂತಿ ಇರುವ ಬೋಟು ತೆರೆ ಸೀಳಿಕೊಂಡು ಹೋಗುತ್ತದೆ. ಕಾಕಾನ ಲೆಕ್ಕ ಸರಿಯಿತ್ತು.

ತಪ್ಪಿದ್ದು ನನ್ನ ಲೆಕ್ಕ. ಅದನ್ನು ಹೇಳೋದಕ್ಕೇ ಈ ಸಲದ ಅಂಕಣ.

ಮೊದಲು ಮೀನಿನ ಮಾತು. ಇಂಡಿ, ಸಿಂದಗಿ ಕಡೆ ಭೀಮಾ ಹೊಳೆ ಈ ಹೊತ್ತಿಗೆ ಬತ್ತುತ್ತಾ ಬಂದಿರುತ್ತದೆ. ಬ್ಯಾರೇಜುಗಳ ಹಿಂದೆ, ಮಡುಗಳಲ್ಲಿ ಮಾತ್ರ ನೀರು. ಆದರೆ ಬಾಗೇವಾಡಿ, ಮುದ್ದೇಬಿಹಾಳ ಕಡೆಯವರ ಪುಣ್ಯ ನೋಡ್ರಿ, ಒಂದು ಕಡೆ ಆಲಮಟ್ಟಿ ಹಿನ್ನೀರು, ಇನ್ನೊಂದು ಕಡೆ ನಾರಾಯಣಪುರದ ಬಸವಸಾಗರದ ಹಿನ್ನೀರು. ಮಾರ್ಚ್–ಏಪ್ರಿಲ್ ಹೊತ್ತಿಗೆ ಕಾಲುವೆಗೆ ಹೋಗಿ, ಬಿಸಿಲಿಗೆ ಆರಿ, ನೀರು ಕೆಳಗಿಳಿದಿರುತ್ತದೆ. ಮಳೆಗಾಲದ ಕೆಂಪು ಹೋಗಿ ತಿಳಿಯಾಗಿರುತ್ತದೆ. ಹರಡಿಕೊಂಡಿದ್ದ ಮೀನು ಒಂದೆಡೆ ಸೇರುತ್ತವೆ. ಗಾಳ ಹಾಕುವವರಿಗೆ ಇದೇ ಸುಗ್ಗಿ.

ಎಲ್ಲಿ ಸೇರುತ್ತವೆ ಅಂದ್ರೆ, ಮುಳುಗಡೆಯಾದ ಊರುಗಳ ಗೋಡೆಗಳ ಹತ್ತಿರ. ಅಣೆಕಟ್ಟಿನ ನೀರು ಏರಿದಾಗ ಈ ಭಾಗದ ಎಷ್ಟೋ ಹಳ್ಳಿಗಳು, ಹೊಲಗಳು, ಬಾಗಲಕೋಟೆಯ ಹಳೇ ಊರಿನ ಭಾಗಗಳು ನೀರಿನಡಿ ಹೋದವು. ಮಂದಿ ಪುನರ್ವಸತಿ ಕೇಂದ್ರಗಳಿಗೆ ಬಂದರು. ಮನೆಯ ಅಡಿಪಾಯ, ಬಾವಿಯ ಕಟ್ಟೆ, ಬೇವಿನ ಮರದ ಬೊಡ್ಡೆ ಅಲ್ಲೇ ಉಳಿದವು. ಅವುಗಳಿಗೆ ಪಾಚಿ ಕಟ್ಟುತ್ತದೆ, ಪಾಚಿಗೆ ಮೀನು ಬರುತ್ತವೆ. ಕಾಕಾ ಬೋಟು ನಿಲ್ಲಿಸುವ ಜಾಗಕ್ಕೆ ಜಿಪಿಎಸ್ ಬೇಕಾಗಿಲ್ಲ. ದಂಡೆಯ ಒಂದು ಗುಡ್ಡ, ಸೇತುವೆಯ ಒಂದು ಕಂಬ ನೋಡಿ "ಇದು ನಮ್ಮ ಹಿತ್ತಲ" ಅಂತಾನ. ಅವನು ಹುಟ್ಟಿದ ಮನೆ ಅದು. ಅದರ ಮೇಲೆ ನಿಂತು ಗಾಳ ಹಾಕ್ತಾನ.

ಕಾಟ್ಲಾ ಮೇಲ್ಮೈಗೆ ಮೇಯುವ ಮೀನು, ರೋಹು ನಡುನೀರಿನದು, ಮೃಗಾಲ್ ತಳದ್ದು. ಹಂಗಾಗಿ ಗಾಳದ ದಾರ ಎಷ್ಟು ಬಿಡಬೇಕು ಅನ್ನೋದು ಯಾವ ಮೀನು ಬೇಕು ಅನ್ನೋದರ ಮೇಲೆ. ನಮ್ಮದು ಶೇಂಗಾ ಹಿಂಡಿ, ಗೋಧಿ ಹಿಟ್ಟು ಕಲಸಿದ ಉಂಡೆ. ಬಾಳೆ ಮೀನಿಗೆ ಅದು ನಡೆಯೋದಿಲ್ಲ, ಅದಕ್ಕೆ ಸಣ್ಣ ಮೀನೇ ಬೇಕು. ಬೆಳಗ್ಗೆ ಐದೂವರೆಯಿಂದ ಒಂಬತ್ತರ ತನಕ ನಮ್ಮ ಟೈಮು. ಆಮೇಲೆ ಬಿಸಿಲಿಗೆ ಮೀನು ಆಳಕ್ಕೆ ಹೋಗುತ್ತವೆ, ನಾವು ದಂಡೆಗೆ.

ಈಗ ಹೋದ ವರ್ಷದ ಮಾತು.

ಯುಗಾದಿ ಮುಗಿದ ಮೇಲಿನ ಶನಿವಾರ ರಾತ್ರಿ ಊರು ಮುಟ್ಟಿದೆ. ಸಿಂದಗಿಗೆ ಕೊಟ್ಟ ನಮ್ಮಕ್ಕನ ಮಗ, ಹತ್ತು ವರ್ಷದ ಹುಡುಗ, ರಜೆಗೆ ಅಂತ ಅಲ್ಲಿಗೇ ಬಂದಿದ್ದ. ನೀರಿಗೆ ಇಳಿಸುವ ಮೊದಲು ಬೋಟು ಡಬ್ಬ ಹಾಕಿ, ಐದು ರೂಪಾಯಿ ನಾಣ್ಯದಿಂದ ತಳವೆಲ್ಲ ಬಾರಿಸುತ್ತಾ ಹೋಗೋದು ಕಾಕಾನ ಪದ್ಧತಿ. ಗಟ್ಟಿ ಇದ್ದ ಕಡೆ ಟಣ್ ಟಣ್ ಅನ್ನುತ್ತದೆ. ಒಳಗೆ ನೀರು ಕುಡಿದಿದ್ದರೆ, ಪದರ ಬಿಟ್ಟಿದ್ದರೆ ದಬ್ ದಬ್. ಆ ನಾಣ್ಯ ಬೋಟಿನ ಮೂತಿಯ ಸಣ್ಣ ಡಬ್ಬಿಯಲ್ಲೇ ಇರುತ್ತದೆ. ಆದರೆ ಕಾಕಾನ ಮೊಣಕಾಲು ಈಗ ಮೊದಲಿನ ಹಂಗಿಲ್ಲ. ಕೂತು ಏಳೋದು ಕಷ್ಟ. "ಈ ಸಲ ನೀನ ಬಾರಿಸಿ ನೋಡು" ಅಂದ.

ನಾನು ಲ್ಯಾಪ್‌ಟಾಪ್ ತೆಗೆದು ಕೂತಿದ್ದೆ. ಸೋಮವಾರ ಬೆಳಗ್ಗೆ ಒಂದು ಮೀಟಿಂಗ್, ಅದರ ಸ್ಲೈಡು ಮುಗಿದಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಮೊಬೈಲ್ ಟಾರ್ಚ್ ಹಿಡಕೊಂಡು ಹೋಗಿ ಬೋಟನ್ನ ಒಂದು ಸುತ್ತು ನೋಡಿದೆ. ಚಲೋನೇ ಕಂಡಿತು. ಬಂದು ಮಲಗಿದೆ.

ಬೆಳಗ್ಗೆ ಕಾಕಾ ಕೇಳಿದ, "ಬಾರಿಸಿ ನೋಡಿದ್ಯಾ?"

"ಹೂಂ ಕಾಕಾ, ನೋಡೀನಿ" ಅಂದೆ.

ಎಂಟೂವರೆ ಇರಬೇಕು. ದಂಡೆ ಒಂದು ಕಿಲೋಮೀಟರಿನಷ್ಟು ದೂರ. ಎರಡು ರೋಹು ಸಿಕ್ಕಿದ್ದವು, ಹುಡುಗ ಖುಷಿಯಲ್ಲಿದ್ದ. ಅವತ್ತು ಗಾಳಿ ಬೇಗನೇ ಎದ್ದಿತು. ಹೊಳ್ಳಿ ಹೋಗೂಣು ಅಂತ ಕಾಕಾ ಮೋಟರ್ ಜೋರು ಮಾಡಿದ. ಕಟ್ ಅಂತ ಒಂದು ಸಪ್ಪಳ. ನೋಡಿದರೆ ಮೋಟರ್ ಕೂರಿಸಿದ ಹಿಂದಿನ ಹಲಗೆಯೇ ಹೊರಕ್ಕೆ ವಾಲಿದೆ, ಮೂಲೆಯಲ್ಲಿ ಬಾಯಿ ಬಿಟ್ಟಿದೆ. ಪ್ರತಿ ತೆರೆಗೂ ಅಲ್ಲಿಂದ ನೀರು ಒಳಗೆ.

ಕಾಕಾ ಮೋಟರ್ ಆಫ್ ಮಾಡಿದ. ಒದರಲಿಲ್ಲ, ಗಾಬರಿಯಾಗಲಿಲ್ಲ. "ಹುಡುಗನ್ನ ಮುಂದ ಕೂಡಿಸು. ಜಾಕೆಟ್ ಹಾಕು." ಜಾಕೆಟ್ ಎರಡೇ ಇದ್ದವು, ಅವೂ ಕೂರೋದಕ್ಕೆ ಮೆತ್ತಗಿರಲಿ ಅಂತ ನಾವು ಕುಂಡೆ ಕೆಳಗೆ ಹಾಕಿಕೊಂಡವು. ಒಂದು ಹುಡುಗನಿಗೆ, ಒಂದು ಕಾಕಾನಿಗೆ. ಇಬ್ಬರೂ ಸೇರಿ ಮೋಟರ್ ಬಿಚ್ಚಿ ಎತ್ತಿ ಬೋಟಿನ ನಡುವೆ ಇಟ್ಟೆವು. ಭಾರವೆಲ್ಲ ಮುಂದಕ್ಕೆ ಬಂದಿದ್ದಕ್ಕೆ ಹಿಂಬದಿ ನಾಲ್ಕು ಬೆರಳು ಮೇಲೆದ್ದಿತು. ನೀರು ಬರೋದು ಕಡಿಮೆಯಾಯಿತು, ನಿಲ್ಲಲಿಲ್ಲ. ಹುಡುಗ ಬುತ್ತಿ ಡಬ್ಬಿಯಿಂದ ನೀರು ಗೋರಿ ಗೋರಿ ಚೆಲ್ಲಿದ. ನಾನು ಹುಟ್ಟು ಹಾಕಿದೆ. ನಲವತ್ತು ನಿಮಿಷ. ಈ ನೀರಿನಲ್ಲಿ ಮೊಸಳೆಗಳೂ ಇವೆ ಅನ್ನೋದನ್ನ ಆ ನಲವತ್ತು ನಿಮಿಷ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ದಂಡೆ ಮುಟ್ಟಿದ ಮೇಲೆ ಕಾಕಾ ಆ ಹಲಗೆಯ ಮೂಲೆಗೆ ಹೆಬ್ಬೆರಳು ಒತ್ತಿದ. ಮೇಲಿನ ಫೈಬರ್ ಪದರ ಸರಿದು, ಒಳಗಿನ ಪ್ಲೈವುಡ್ ಹಸೀ ಪುಡಿಯಾಗಿ ಹೊರಗೆ ಬಂತು, ಕೊಳೆತ ಕಬ್ಬಿನ ರವದಿ ಹಂಗ. ನನ್ನ ಕಡೆ ತಿರುಗಿ ಅಂದ, "ನೀ ಬಾರಿಸಿರಲಿಲ್ಲ."

ಪ್ರಶ್ನೆ ಅಲ್ಲ ಅದು. ನಾನು ಉತ್ತರ ಕೊಡಲಿಲ್ಲ.

ಆಮೇಲೆ ಬೆಂಗಳೂರಿಗೆ ಬಂದು ಈ ವಿಷಯ ಓದಿದೆ, ಫೈಬರ್ ಕೆಲಸ ಮಾಡುವವರನ್ನು ಕೇಳಿದೆ. ನಾವು ಮೂವರೂ ಒಂದು ತಪ್ಪು ತಿಳಿದಿದ್ದೆವು. ಉಪ್ಪು ನೀರಿನಲ್ಲಿ ಇಷ್ಟು ವರ್ಷ ಬಾಳಿದ ಬೋಟು, ಸಿಹಿ ನೀರಿನಲ್ಲಿ ಇನ್ನೂ ಆರಾಮ ಇರುತ್ತದೆ ಅಂತ. ಮೋಟರಿನ ಮಟ್ಟಿಗೆ ಅದು ನಿಜ. ಕಬ್ಬಿಣ, ಅಲ್ಯೂಮಿನಿಯಂ ತಿನ್ನೋದು ಉಪ್ಪು. ಆದರೆ ಕಟ್ಟಿಗೆಗೆ, ಫೈಬರ್‌ಗೆ ಲೆಕ್ಕ ಉಲ್ಟಾ.

ಕಟ್ಟಿಗೆ ಕೊಳೆಸೋದು ಒಂದು ಥರದ ಬೂಸ್ಟು. ಉಪ್ಪಿದ್ದ ಕಡೆ ಅದು ಸರಿಯಾಗಿ ಬೆಳೆಯೋದಿಲ್ಲ. ಉಪ್ಪಿನಕಾಯಿ ಯಾಕೆ ಕೆಡೋದಿಲ್ಲ ಅಂತ ಅವ್ವನ್ನ ಕೇಳಿದರೆ ಸಾಕು. ಸಿಹಿ ನೀರು, ಜೊತೆಗೆ ನಮ್ಮ ಬಿಸಿಲು ಸಿಕ್ಕರೆ ಬೂಸ್ಟಿಗೆ ಹಬ್ಬ. ಫೈಬರ್ ಬೋಟಿನ ಹಿಂದಿನ ಹಲಗೆಯೊಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ಮೋಟರಿನ ಬೋಲ್ಟ್ ತೂತುಗಳಿಂದ ಹನಿ ಹನಿ ಒಳಗಿಳಿದ ನೀರು ಎಂಟು ವರ್ಷದಲ್ಲಿ ಅದನ್ನು ತಿಂದು ಮುಗಿಸಿತ್ತು. ಹೊರಗಿನಿಂದ ಬಣ್ಣ ಚಲೋನೇ ಕಾಣುತ್ತಿತ್ತು.

ಇನ್ನು ಫೈಬರ್. ವಿಜಯಪುರ ಜಿಲ್ಲೆಯವರಿಗೆ ಒಣದ್ರಾಕ್ಷಿ ಉದಾಹರಣೆ ಕೊಟ್ಟರೆ ಬೇಗ ತಿಳಿಯುತ್ತದೆ. ಒಣದ್ರಾಕ್ಷಿ ಬರೀ ನೀರಿನಲ್ಲಿ ನೆನೆಹಾಕಿದರೆ ಉಬ್ಬುತ್ತದೆ. ಗಟ್ಟಿ ಉಪ್ಪು ನೀರಿನಲ್ಲಿ ಹಾಕಿ ನೋಡಿ, ಅಷ್ಟು ಉಬ್ಬೋದಿಲ್ಲ. ಫೈಬರಿನ ಮೇಲ್ಪದರದ ಮೂಲಕ ನೀರು ವರ್ಷಗಟ್ಟಲೆ ನಿಧಾನಕ್ಕೆ ಒಳಗಿಳಿಯುತ್ತದೆ. ಒಳಗೆ ರೆಸಿನ್‌ನ ಅಂಶಗಳು ಕರಗಿ ಗಟ್ಟಿ ದ್ರವವಾಗುತ್ತವೆ. ಹೊರಗಿನ ನೀರು ಎಷ್ಟು ತಿಳಿಯೋ ಅಷ್ಟು ಜೋರಾಗಿ ಒಳಗೆ ಎಳೆಯಲ್ಪಡುತ್ತದೆ. ಆಗ ತಳಕ್ಕೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ನೀರು ಬೆಚ್ಚಗಿದ್ದಷ್ಟೂ ಇದು ಬೇಗ. ನಮ್ಮ ಹಿನ್ನೀರು ತಿಳಿಯೂ ಹೌದು, ಬೆಚ್ಚಗೂ ಹೌದು.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ದುರಸ್ತಿ, ಬಣ್ಣ, ಬಲೆ ಹೆಣೆಯೋದು ಎಲ್ಲ ಆಗ. ಅವರ ಕ್ಯಾಲೆಂಡರಿನಲ್ಲೇ ಬೋಟಿಗೆ ಎರಡು ತಿಂಗಳು ಇದೆ. ನಮ್ಮ ಬೋಟಿಗೆ ನಾನು ಕೊಟ್ಟಿದ್ದು ಒಂದು ಮೊಬೈಲ್ ಟಾರ್ಚಿನ ಸುತ್ತು.

ಈ ವರ್ಷ ಫೆಬ್ರವರಿಯಲ್ಲೇ ರಜೆ ಹಾಕಿ ಹೋದೆ. ಹಳೇ ಬೋಟು ಇದ್ದವರಿಗೆ, ತಗೋಬೇಕು ಅಂದವರಿಗೆ ಉಪಯೋಗಕ್ಕೆ ಬರಲಿ ಅಂತ ಮಾಡಿದ್ದನ್ನು ಬರೀತೀನಿ.

ಒಳಮೈ ಕಡೆಯಿಂದ ಫೈಬರ್ ಕೊಯ್ದು, ಕೊಳೆತ ಪ್ಲೈವುಡ್ ಪೂರ್ತಿ ಕೆರೆದು ತೆಗೆದೆವು. ಗಟ್ಟಿ ಇದ್ದಂತೆ ಕಂಡ ಅಂಚನ್ನೂ ಬಿಡಲಿಲ್ಲ. ಆಮೇಲೆ ಮೂರು ವಾರ ಒಣಗಲು ಬಿಟ್ಟೆವು. ಇಲ್ಲಿ ನಮ್ಮ ಒಣ ಹವೆ ಉಪಕಾರ ಮಾಡಿತು. ಕರಾವಳಿಯ ಹಸಿ ಗಾಳಿಯಲ್ಲಾದರೆ ಇನ್ನೂ ಎಷ್ಟು ದಿನ ಬೇಕಾಗುತ್ತಿತ್ತೋ. ಹೊಸ ಪ್ಲೈವುಡ್ ತರುವಾಗ ಐಎಸ್ 710 ಅನ್ನೋ ಮುದ್ರೆ ನೋಡಿ ತಂದೆವು. ಮರೈನ್ ಪ್ಲೈಗೆ ಇರುವ ಭಾರತೀಯ ಮಾನಕ ಅದು. ಅಡುಗೆಮನೆ ಕಪಾಟಿನ ಪ್ಲೈ ಇಲ್ಲಿ ನಡೆಯೋದಿಲ್ಲ.

ರೆಸಿನ್ ಕಲಸುವಾಗ ಮೊದಲ ದಿನ ಪಾಠ ಆಯಿತು. ಮಧ್ಯಾಹ್ನ ಹನ್ನೆರಡಕ್ಕೆ ಮಗ್ಗಿನಲ್ಲಿ ಹಾರ್ಡನರ್ ಹಾಕಿ ಕಲಸಿದೆ. ಬ್ರಷ್ ಅದ್ದುವುದರೊಳಗೆ ಮಗ್ಗಿನಿಂದ ಹೊಗೆ ಎದ್ದು ಎಲ್ಲ ಕಲ್ಲಾಗಿಬಿಟ್ಟಿತು. ಬಿಸಿಲಿದ್ದಷ್ಟೂ ರೆಸಿನ್ ಬೇಗ ಗಟ್ಟಿಯಾಗುತ್ತದೆ, ಒಂದೇ ಪಾತ್ರೆಯಲ್ಲಿ ಹೆಚ್ಚು ಇದ್ದಷ್ಟೂ ಹೆಚ್ಚು ಕಾಯುತ್ತದೆ. ಮರುದಿನದಿಂದ ಬೆಳಗ್ಗೆ ಆರಕ್ಕೆ, ನೆರಳಿನಲ್ಲಿ, ಸ್ವಲ್ಪ ಸ್ವಲ್ಪ ಕಲಸಿ, ಪದರದ ಮೇಲೆ ಪದರ ಫೈಬರ್ ಮ್ಯಾಟ್ ಹಾಕಿದೆವು. ಹಾರ್ಡನರ್ ಒಂದು ಹನಿ ಕಣ್ಣಿಗೆ ಸಿಡಿದರೂ ಕಣ್ಣೇ ಹೋದೀತು, ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ. ಗ್ರೈಂಡರ್ ಹಿಡಿದಾಗ ಮಾಸ್ಕ್ ಬೇಕೇ ಬೇಕು, ಫೈಬರ್ ಧೂಳು ಒಳ್ಳೆಯದಲ್ಲ.

ಎಲ್ಲಕ್ಕಿಂತ ಮುಖ್ಯ ಬೋಲ್ಟ್ ತೂತು. ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಅದನ್ನು ರೆಸಿನ್‌ನಿಂದ ತುಂಬಿ, ಗಟ್ಟಿಯಾದ ಮೇಲೆ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆದೆವು. ಈಗ ನೀರು ಇಳಿದರೂ ಸುತ್ತ ರೆಸಿನ್ ಇದೆ, ಕಟ್ಟಿಗೆ ಮುಟ್ಟೋದಿಲ್ಲ. ಇಷ್ಟು ಕೆಲಸ ಎಂಟು ವರ್ಷದ ಹಿಂದೆ ಮಾಡಿದ್ದರೆ ಹಲಗೆ ಉಳಿಯುತ್ತಿತ್ತು.

ಮೋಟರಿನದು ಸಣ್ಣ ಮಾತು. ಸ್ಟಾರ್ಟ್ ಆದ ಕೂಡಲೇ ಹಿಂದಿನ ತೂತಿನಿಂದ ನೀರಿನ ಎಳೆ ಚಿಮ್ಮುತ್ತದಾ ನೋಡಿ. ಇಲ್ಲದಿದ್ದರೆ ರಾಡಿಯೋ ಪಾಚಿಯೋ ಕಟ್ಟಿಕೊಂಡಿದೆ, ಆಫ್ ಮಾಡಿ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕಿನ, ಕಾರ್ಬುರೇಟರಿನ ಪೆಟ್ರೋಲ್ ಖಾಲಿ ಮಾಡಿ. ಈಗಿನ ಪೆಟ್ರೋಲಿನಲ್ಲಿ ಶೇ 20 ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ.

ಜಾಕೆಟ್ ಹೊಸವು ತಂದೆ, ಎಷ್ಟು ಮಂದಿ ಹತ್ತುತ್ತೀವೋ ಅಷ್ಟು. ಈಗ ಅದರ ಮೇಲೆ ಯಾರೂ ಕೂರೋದಿಲ್ಲ, ಕೂತು ಕೂತು ಒಳಗಿನ ಫೋಮ್ ಚಪ್ಪಟೆಯಾದರೆ ಅದು ತೇಲಿಸೋದಿಲ್ಲ. ಮೈಮೇಲೆ ಹಾಕಿಕೊಂಡೇ ಬೋಟು ಹತ್ತೋದು. ಇನ್ನೊಂದು, ಜಲಾಶಯದಲ್ಲಿ ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು. ಕಾಕಾನ ಹತ್ತಿರ ಇದೆ. ವೀಕೆಂಡಿಗೆ ರಾಡು ಹಿಡಿದು ಬರುವ ಗೆಳೆಯರು ಮೊದಲು ಅಲ್ಲಿಯ ಮೀನುಗಾರರನ್ನ ಕೇಳಿ ಇಳಿಯಿರಿ. ಅವರ ಹೊಟ್ಟೆಪಾಡಿನ ನೀರು ಅದು. ಗೋಡೆ ಎಲ್ಲಿದೆ, ಬೊಡ್ಡೆ ಎಲ್ಲಿದೆ ಅಂತ ಗೊತ್ತಿರೋದೂ ಅವರಿಗೇ. ನೀರು ಇಳಿದ ದಿನಗಳಲ್ಲಿ ಅವು ಮೇಲ್ಮೈಯಿಂದ ಒಂದು ಮೊಳ ಕೆಳಗೆ ಇರುತ್ತವೆ, ಕಾಣೋದಿಲ್ಲ.

ಈ ಸಲ ಹುಡುಗನನ್ನ ಕರೆಯುವ ಮೊದಲು ಅಕ್ಕನಿಗೆ ಫೋನ್ ಮಾಡಿ ಪೂರ್ತಿ ಹೇಳಿದೆ. ಹೋದ ವರ್ಷ "ಮೋಟರ್ ಕೆಟ್ಟಿತ್ತು" ಅಂತಷ್ಟೇ ಹೇಳಿದ್ದೆ. ನಾನು ನೋಡದೇ ನೋಡೀನಿ ಅಂದದ್ದು, ನೀರು ಬಂದದ್ದು, ಎಲ್ಲ ಹೇಳಿದೆ. ಬಹಳ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ "ಜಾಕೆಟ್ ಹೊಸಾವು ತಂದೀಯಾ?" ಅಂದಳು. ತಂದೀನಿ ಅಂದೆ. "ಕಾಕಾ ಹೂಂ ಅಂದ್ರ ಕಳಸ್ತೀನಿ. ನೀ ಹೂಂ ಅಂದ್ರ ಇಲ್ಲ." ಅದಕ್ಕೆ ನಾನೇನು ಅನ್ನಲಿ?

ಯುಗಾದಿ ಮರುದಿನ ಬೋಟು ಡಬ್ಬ ಹಾಕಿದೆವು. ಕಾಕಾ ಕುರ್ಚಿಯಲ್ಲಿ ಕೂತ. ನಾಣ್ಯ ನನಗೆ ಕೊಡಲಿಲ್ಲ, ಹುಡುಗನಿಗೆ ಕೊಟ್ಟ. ಅವನು ಹಿಂದಿನ ಹಲಗೆಯಿಂದ ಶುರು ಮಾಡಿದ. ಟಣ್, ಟಣ್, ಟಣ್. ಹೊಸ ಹಲಗೆ ಗಂಟೆ ಬಾರಿಸಿದ ಹಂಗ. ನನಗೆ ಒಳಗೊಳಗೆ ಹೆಮ್ಮೆ. ರಾಡು, ಹಿಂಡಿ ಉಂಡೆ ಎಲ್ಲ ತಯಾರಾಗಿತ್ತು.

ಮುಂದಿನ ತಳದ ಹತ್ತಿರ ಹೋದಾಗ ಹುಡುಗ ನಿಂತ. ಮತ್ತೆ ಬಾರಿಸಿದ. "ಮಾಮಾ, ಇಲ್ಲಿ ಬ್ಯಾರೇ ಸಪ್ಪಳ ಬರಾಕತ್ತೈತಿ."

ಅಂಗೈಯಷ್ಟು ಜಾಗ. ಕೈಯಾಡಿಸಿದರೆ ಸಣ್ಣ ಗುಳ್ಳೆಗಳು. ಎಂದೋ ಯಾವುದೋ ಗೋಡೆಗೆ ತಾಗಿ ಮೇಲ್ಪದರ ಹೋದ ಕಡೆ ನೀರು ಕುಡಿದಿತ್ತು. ಹಿಂದಿನ ಹಲಗೆಯ ಮೇಲೇ ಗಮನ ಇಟ್ಟು ನಾನು ಫೆಬ್ರವರಿಯಲ್ಲಿ ಅದನ್ನು ಬಿಟ್ಟಿದ್ದೆ. ಕೆರೆದು, ಒಣಗಿಸಿ, ಹಾಕೋದಕ್ಕೆ ಕನಿಷ್ಠ ಎರಡು ವಾರ. ನನ್ನ ರಜೆ ಎರಡು ದಿನ.

ನಿಜ ಹೇಳ್ತೀನಿ, ಅಂಗೈಯಷ್ಟೇ ಅಲ್ವಾ, ಇವತ್ತೊಂದು ದಿನ ನಡೆಯುತ್ತದೆ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಕಾಕಾ ನನ್ನ ಮುಖ ನೋಡುತ್ತಿದ್ದ.

"ಇವತ್ತು ಬ್ಯಾಡ ಕಾಕಾ" ಅಂದೆ.

"ಹೂಂ" ಅಂದ. "ನೀರು ಎಲ್ಲಿ ಹೊಕ್ಕೈತಿ? ಅಲ್ಲೇ ಇರತೈತಿ."

ಅವತ್ತು ದಂಡೆ ಮೇಲೆ ಕೂತೇ ಗಾಳ ಹಾಕಿದೆವು. ಕಾಟ್ಲಾ, ರೋಹು ಬರಲಿಲ್ಲ. ನಾಲ್ಕು ಜಿಲೇಬಿ ಮೀನು ಸಿಕ್ಕವು, ಅಂಗೈಯಷ್ಟು. ಒಂದು ಅದಕ್ಕಿಂತ ಸಣ್ಣದಿತ್ತು, ಹುಡುಗ ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ ವಾಪಸ್ ನೀರಿಗೆ ಬಿಟ್ಟ. ಉಳಿದ ಮೂರಕ್ಕೆ ಖಾರ ಹಚ್ಚಿ ಕರಿದು, ಇಂಡಿಯ ಗೆಳೆಯ ಕೊಟ್ಟಿದ್ದ ಲಿಂಬಿಹಣ್ಣು ಹಿಂಡಿ, ಜೋಳದ ರೊಟ್ಟಿ ಜೊತೆ ತಿಂದೆವು. ನಾಲ್ಕು ಜನಕ್ಕೆ ಮೂರು ಮೀನು. ಕಾಕಿ ತನ್ನ ಪಾಲು ಹುಡುಗನ ತಾಟಿಗೆ ಹಾಕಿದಳು.

ಸಂಜೆ ಬಸ್ಸಿಗೆ ಹೊರಡುವಾಗ ಹುಡುಗ ಆ ಐದು ರೂಪಾಯಿಯನ್ನು ಕಿಸೆಗೆ ಹಾಕಿಕೊಂಡಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಏನೋ ತಗೊಳ್ಳುವ ಆಸೆ ಇರಬೇಕು. ಕಾಕಾ ಕೂತಲ್ಲಿಂದಲೇ ನೋಡಿದ. ತನ್ನ ಕಿಸೆಯಿಂದ ಹತ್ತು ರೂಪಾಯಿ ತೆಗೆದು ಅವನ ಕೈಗಿಟ್ಟ.

"ಅದು ಬೋಟಿಂದು ಮಗಾ. ಡಬ್ಬ್ಯಾಗ ಇಟ್ಟು ಬಾ."